ಇಂಗ್ಲೆಂಡಿನ ‘ಬಾರ್ನ್’ ಮನೆ ಮಾರಾಟಕ್ಕಿದೆ: ಅದು ದನದ ಕೊಟ್ಟಿಗೆಯೇ? ಕೊಂಡರೆ ವೀಸಾ ಸಿಗುತ್ತದೆಯೇ?

ಹಸಿರು ಗುಡ್ಡ, ಅದರ ಮಗ್ಗುಲಲ್ಲಿ ಉದ್ದನೆಯ ಕಲ್ಲಿನ ಕಟ್ಟಡ, ನಟ್ಟನಡುವೆ ಎರಡಾಳೆತ್ತರದ ಗಾಜಿನ ಗೋಡೆ, ಒಳಗೆ ತಲೆಯ ಮೇಲೆ ಕಪ್ಪುಗಟ್ಟಿದ ಮರದ ತೊಲೆಗಳು. ಇಂಥ ನಾಲ್ಕೈದು ಫೋಟೊಗಳ ಜೊತೆ ಓಡಾಡುವ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಸಾರ ಇಷ್ಟು: ಇಂಗ್ಲೆಂಡಿನ ಹಳ್ಳಿಗಳಲ್ಲಿ ದನದ ಕೊಟ್ಟಿಗೆಗಳನ್ನು ಮನೆ ಮಾಡಿ ಮಾರುತ್ತಿದ್ದಾರೆ, ಇವು ಹಳೇ ಹಡಗುಗಳನ್ನು ಒಡೆದ ಮರದಿಂದ ಕಟ್ಟಿದವು, ಬೆಂಗಳೂರಿನ ಫ್ಲ್ಯಾಟಿಗಿಂತ ಅಗ್ಗ, ಕೊಂಡವರ ಕುಟುಂಬಕ್ಕೆ ವೀಸಾ ತಾನಾಗಿಯೇ ಸಿಗುತ್ತದೆ, ಟೋಕನ್ ಅಡ್ವಾನ್ಸ್ ಕೊಟ್ಟು ಇಂದೇ ಬುಕ್ ಮಾಡಿ.

ಇದನ್ನು ನಮಗೆ ಕಳಿಸಿದ ಓದುಗರೊಬ್ಬರು ಕೆಳಗೆ ಹೀಗೆ ಬರೆದಿದ್ದರು. ನಿವೃತ್ತರಾದ ತಂದೆ ಎರಡು ಲಕ್ಷ ರೂಪಾಯಿ ಟೋಕನ್ ಕಳಿಸಲು ಹೊರಟಿದ್ದಾರೆ. ಅಣ್ಣ ವಿದೇಶದಲ್ಲಿ ಕೆಲಸಕ್ಕೆ ಪ್ರಯತ್ನಿಸಿ ಸೋತಿದ್ದಾನೆ. ಮನೆಗಿಂತ ಹೆಚ್ಚಾಗಿ ಆ ವೀಸಾದ ಮೇಲೆ ಅಪ್ಪನಿಗೆ ಆಸೆ. ಇದು ನಿಜವೇ, ಸುಳ್ಳೇ, ಬೇಗ ಹೇಳಿ.

ಬೇಗ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇವೆ. ವೀಸಾ ಮಾತು ಪೂರ್ತಿ ಸುಳ್ಳು. ಟೋಕನ್ ಕಳಿಸಬೇಡಿ. ಆದರೆ ಫೋಟೊದಲ್ಲಿರುವಂಥ ಮನೆಗಳು ನಿಜ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅವು ಬೇಕಾದಷ್ಟಿವೆ, ಮಾರಾಟಕ್ಕೂ ಬರುತ್ತವೆ. ಕೊಟ್ಟಿಗೆ ಎನ್ನುವುದು ಹೆಚ್ಚಿನ ಮಟ್ಟಿಗೆ ತಪ್ಪು. ಹಡಗಿನ ಮರದ ಕತೆಯನ್ನು ಇಂಗ್ಲಿಷರೇ ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದಾರೆ, ಅದೂ ಬಹುಪಾಲು ಸುಳ್ಳು. ಇನ್ನು ಒಂದೊಂದನ್ನೇ ಬಿಡಿಸಿ ನೋಡೋಣ.

ಮನೆ ಕೊಂಡರೆ ವೀಸಾ?

ಬ್ರಿಟನ್ನಿನಲ್ಲಿ ಮನೆ ಕೊಂಡ ಕಾರಣಕ್ಕೆ ಯಾರಿಗೂ ವೀಸಾ ಸಿಗುವುದಿಲ್ಲ. ಹಿಂದೆ ‘ಇನ್ವೆಸ್ಟರ್ ವೀಸಾ’ ಎಂಬುದೊಂದು ಇತ್ತು. ಕೊನೆಯ ವರ್ಷಗಳಲ್ಲಿ ಅದಕ್ಕೆ ಕನಿಷ್ಠ 20 ಲಕ್ಷ ಪೌಂಡ್ ಹೂಡಬೇಕಿತ್ತು. ಅಷ್ಟು ದುಡ್ಡಿದ್ದವರಿಗೂ ವಾಸದ ಮನೆ ಕೊಂಡದ್ದು ಹೂಡಿಕೆ ಎಂದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ವೀಸಾವನ್ನೂ 2022ರ ಫೆಬ್ರವರಿಯಲ್ಲಿ ಮುಚ್ಚಿದರು.

ಈ ಸುಳ್ಳಿಗೆ ಬೇರು ಎಲ್ಲಿಯದು ಎಂದು ಊಹಿಸಬಹುದು. ಯುರೋಪಿನ ಕೆಲವು ದೇಶಗಳು ಮನೆ ಕೊಂಡ ವಿದೇಶಿಯರಿಗೆ ವಾಸದ ಪರವಾನಗಿ ಕೊಡುತ್ತಿದ್ದವು. ಪೋರ್ಚುಗಲ್ 2023ರಲ್ಲಿ ಮನೆ ಖರೀದಿಯ ದಾರಿಯನ್ನು ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಇನ್ನೊಂದೆಡೆ, ಬ್ರಿಟನ್ನಿನಲ್ಲಿ ಮನೆ ಕೊಳ್ಳಲು ಅಲ್ಲಿನ ವೀಸಾ ಇರಲೇಬೇಕೆಂದಿಲ್ಲ, ವಿದೇಶದಲ್ಲಿ ಕುಳಿತವರೂ ಕೊಳ್ಳಬಹುದು. ‘ವೀಸಾ ಇಲ್ಲದೆ ಮನೆ ಕೊಳ್ಳಬಹುದು’ ಎಂಬ ನಿಜ, ಫಾರ್ವರ್ಡ್ ಆಗುತ್ತಾ ಆಗುತ್ತಾ ‘ಮನೆ ಕೊಂಡರೆ ವೀಸಾ’ ಎಂದು ತಿರುಗಿಕೊಂಡಿದ್ದರೆ ಆಶ್ಚರ್ಯವಿಲ್ಲ. ಮನೆಯ ಯಜಮಾನರಾದರೂ ಅಲ್ಲಿಗೆ ಹೋಗಲು ಎಲ್ಲರಂತೆ ವಿಸಿಟರ್ ವೀಸಾ ಹಾಕಬೇಕು. ಅದರಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಸ್ವಂತ ಮನೆಯಲ್ಲಿ ನೆಂಟರ ಹಾಗೆ.

ಬಾರ್ನ್ ಅಂದರೆ ಕೊಟ್ಟಿಗೆಯಲ್ಲ, ಕಣ

‘ಬಾರ್ನ್’ ಎಂಬ ಪದವನ್ನು ನಾವು ಶಾಲೆಯಲ್ಲಿ ಕೊಟ್ಟಿಗೆ ಎಂದೇ ಕಲಿತಿರುತ್ತೇವೆ. ಅಮೆರಿಕದ ಸಿನಿಮಾಗಳಲ್ಲಿ ಕಾಣುವ ಕೆಂಪು ಬಣ್ಣದ ಬಾರ್ನ್‌ಗಳಲ್ಲಿ ದನ, ಕುದುರೆ ಎಲ್ಲ ಇರುವುದರಿಂದ ಆ ಅರ್ಥ ಗಟ್ಟಿಯಾಗಿಬಿಟ್ಟಿದೆ. ಇಂಗ್ಲೆಂಡಿನ ಹಳೆಯ ಬಾರ್ನ್ ಬೇರೆ. ಹಳೇ ಇಂಗ್ಲಿಷಿನಲ್ಲಿ ‘ಬೆರೆ’ ಎಂದರೆ ಬಾರ್ಲಿ, ‘ಆರ್ನ್’ ಎಂದರೆ ಮನೆ. ಎರಡೂ ಸೇರಿ ಸವೆದು ‘ಬಾರ್ನ್’ ಆಯಿತು. ಹೆಸರಿನಲ್ಲೇ ದನವಿಲ್ಲ, ಧಾನ್ಯವಿದೆ.

ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಬಯಲಿನಲ್ಲಿ ಕಣ ಮಾಡಿ, ಸಗಣಿ ಸಾರಿಸಿ, ತೆನೆ ಹರಡಿ, ಎತ್ತುಗಳಿಗೆ ರೋಣಗಲ್ಲು ಕಟ್ಟಿ ಒಕ್ಕಣೆ ಮಾಡುತ್ತಿದ್ದರು. (ಈಗ ಕಣದ ಕೆಲಸವನ್ನು ಎಷ್ಟೋ ಕಡೆ ಡಾಂಬರು ರಸ್ತೆಯೂ ಅದರ ಮೇಲೆ ಓಡಾಡುವ ನಿಮ್ಮ ನಮ್ಮ ಬೈಕುಗಳೂ ಮಾಡುತ್ತಿವೆ.) ಅದು ಸಾಧ್ಯವಾದದ್ದು ಕೊಯ್ಲಿನ ನಂತರ ನಮಗೆ ತಿಂಗಳುಗಟ್ಟಲೆ ಒಣ ಬಿಸಿಲು ಸಿಗುವುದರಿಂದ. ಇಂಗ್ಲೆಂಡಿನಲ್ಲಿ ಗೋಧಿ, ಬಾರ್ಲಿ ಕೊಯ್ಲಿಗೆ ಬರುವುದು ಆಗಸ್ಟ್ ಹೊತ್ತಿಗೆ. ಅಲ್ಲಿಂದ ಮುಂದೆ ಮಳೆ, ಮಂಜು, ಚಳಿ. ಬಯಲಿನಲ್ಲಿ ತೆನೆ ಹರಡಿದರೆ ಕೊಳೆಯುತ್ತದೆ. ಹಾಗಾಗಿ ಅವರು ಕಣವನ್ನೇ ಸೂರಿನ ಕೆಳಗೆ ತಂದರು. ಕಣ, ತೆನೆಯ ಮೆದೆ, ಹುಲ್ಲಿನ ಬಣವೆ ಎಲ್ಲವೂ ಒಂದೇ ಸೂರಿನಡಿ ಇದ್ದ ಕಟ್ಟಡವೇ ಬಾರ್ನ್.

ಈಗ ಆ ಫೋಟೊವನ್ನು ಮತ್ತೆ ತೆರೆದು ನೋಡಿ. ನಡುವೆ ಇರುವ ಆ ಭಾರೀ ಗಾಜಿನ ಗೋಡೆ ಹಿಂದೆ ಬಾಗಿಲಾಗಿತ್ತು. ತೆನೆ ತುಂಬಿದ ಗಾಡಿ ನೇರ ಒಳಗೆ ಬರುವಷ್ಟು ಎತ್ತರ. ಹಿಂದಿನ ಗೋಡೆಯಲ್ಲಿ, ಸರಿಯಾಗಿ ಅದರ ಎದುರಿಗೆ ಇನ್ನೊಂದು ಬಾಗಿಲು ಇರುತ್ತಿತ್ತು. ಎರಡು ಬಾಗಿಲುಗಳ ನಡುವಿನ ಜಾಗವೇ ಕಣ. ಚಳಿಗಾಲದುದ್ದಕ್ಕೂ ಕೂಲಿಯವರು ಅಲ್ಲಿ ನಿಂತು, ಎರಡು ಕೋಲುಗಳನ್ನು ತೊಗಲಿನಿಂದ ಜೋಡಿಸಿದ ಬಡಿಗೆಯಿಂದ ತೆನೆ ಬಡಿಯುತ್ತಿದ್ದರು. ಕಾಳು ತೂರುವಾಗ ಎರಡೂ ಬಾಗಿಲು ತೆರೆದರೆ ಅಡ್ಡಗಾಳಿ ಹಾಯ್ದು ಹೊಟ್ಟು ಹಾರಿ ಹೋಗುತ್ತಿತ್ತು. ನಮ್ಮಲ್ಲಿ ಗಾಳಿ ಬೀಸುವ ಹೊತ್ತಿಗೆ ಕಾದು ಮೊರ ಎತ್ತಿ ತೂರುವಂತೆ, ಅವರು ಗಾಳಿಗೆ ದಾರಿಯನ್ನೇ ಕಟ್ಟಿಕೊಂಡಿದ್ದರು. ಕಣದ ಎಡಬಲದ ಅಂಕಣಗಳಲ್ಲಿ ಒಂದು ಕಡೆ ಬಡಿಯಬೇಕಾದ ತೆನೆ, ಇನ್ನೊಂದು ಕಡೆ ಬಡಿದು ಮುಗಿದ ಹುಲ್ಲು.

ಕಲ್ಲುಗೋಡೆಯಲ್ಲಿ ಉದ್ದಕ್ಕೆ ಸೀಳಿದಂತೆ ಕಾಣುವ ಸಣ್ಣ ಕಿಂಡಿಗಳೂ ಇರುತ್ತವೆ. ಇವು ಕೋಟೆಯಲ್ಲಿ ಬಾಣ ಬಿಡುವ ಕಿಂಡಿಗಳು, ಯುದ್ಧದ ಕಾಲದವು ಎಂದು ಹೇಳುವವರಿದ್ದಾರೆ. ರೈತನಿಗೆ ಬಾಣದ ಚಿಂತೆಗಿಂತ ಬೂಷ್ಟಿನ ಚಿಂತೆ ದೊಡ್ಡದು. ಹಸಿ ತೆನೆ ಒಟ್ಟಿದಲ್ಲಿ ಗಾಳಿಯಾಡದಿದ್ದರೆ ಅದು ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆ ಕಿಂಡಿಗಳು ಗಾಳಿಗಾಗಿ.

ಹೊಸ್ತಿಲಿನದೂ ಒಂದು ಕತೆಯಿದೆ. ಬಾರ್ನ್ ಬಾಗಿಲಿನ ಬುಡಕ್ಕೆ ಹಲಗೆ ಸಿಕ್ಕಿಸುತ್ತಿದ್ದರು, ಕಾಳು ಹೊರಗೆ ಚೆಲ್ಲಬಾರದು, ಹಂದಿ ಕೋಳಿ ಒಳಗೆ ನುಗ್ಗಬಾರದು ಎಂದು. ಇದು ನಿಜ. ಆದರೆ ಹೊಸ್ತಿಲಿಗೆ ಇಂಗ್ಲಿಷಿನಲ್ಲಿ ‘ಥ್ರೆಶೋಲ್ಡ್’ ಎಂಬ ಹೆಸರು ಬಂದದ್ದೇ ಹೀಗೆ ‘ಥ್ರೆಶ್’ ಅನ್ನು ‘ಹೋಲ್ಡ್’ ಮಾಡುವುದರಿಂದ ಎನ್ನುವುದು ಸುಳ್ಳು. ಪದದ ಮೊದಲ ಭಾಗಕ್ಕೆ ತುಳಿಯುವ, ಒಕ್ಕುವ ಅರ್ಥವಿರುವುದು ಹೌದು, ಎರಡನೆಯ ಭಾಗ ಹಿಡಿದುಕೊಳ್ಳುವ ‘ಹೋಲ್ಡ್’ ಅಲ್ಲ. ಈ ಕತೆಯನ್ನು ಪ್ರಪಂಚಕ್ಕೆ ಹಂಚಿದ್ದು 1999ರ ಸುಮಾರಿಗೆ ಓಡಾಡಿದ ಒಂದು ಇ-ಮೇಲ್ ಫಾರ್ವರ್ಡ್, 1500ರ ದಶಕದ ಜೀವನ ಹೇಗಿತ್ತು ಎಂಬ ಪಟ್ಟಿ. ವಾಟ್ಸ್‌ಆ್ಯಪ್ ಹುಟ್ಟುವ ಮೊದಲೂ ನಮ್ಮ ಕಸುಬಿಗೆ ಕೆಲಸವಿತ್ತು ಎಂಬುದಕ್ಕೆ ಸಾಕ್ಷಿ.

ಎಲ್ಲ ಬಾರ್ನ್‌ಗಳಲ್ಲೂ ದನ ಇರಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಉತ್ತರದ ಯಾರ್ಕ್‌ಷೈರ್ ಡೇಲ್ಸ್ ಗುಡ್ಡಗಳಲ್ಲಿ ಹೊಲಕ್ಕೊಂದರಂತೆ ನಿಂತಿರುವ ಪುಟ್ಟ ಕಲ್ಲಿನ ಕಟ್ಟಡಗಳಲ್ಲಿ ಮೇಲೆ ಒಣಹುಲ್ಲು ತುಂಬಿ ಕೆಳಗೆ ದನ ಕಟ್ಟುತ್ತಿದ್ದರು. ಅಂಥದ್ದನ್ನು ಕೊಟ್ಟಿಗೆ ಎಂದರೆ ತಪ್ಪಿಲ್ಲ. ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನ, ಎತ್ತರದ ಗಾಡಿ ಬಾಗಿಲಿನ ದೊಡ್ಡ ಬಾರ್ನ್‌ಗಳು ಮೂಲದಲ್ಲಿ ಕಣ ಮತ್ತು ಕಣಜ.

ಎಷ್ಟು ದೊಡ್ಡವು? ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದಲ್ಲೇ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿಯಿದೆ. ಅಲ್ಲಿ 1426ರಲ್ಲಿ ಕಟ್ಟಿದ ಓಕ್ ಮರದ ಬಾರ್ನ್ ಇವತ್ತಿಗೂ ನಿಂತಿದೆ. ಉದ್ದ ಸುಮಾರು 58 ಮೀಟರ್, ಅಂದರೆ 190 ಅಡಿ. ಕವಿ ಜಾನ್ ಬೆಟ್ಜಮನ್ ಇದನ್ನು ಮಹಾ ಚರ್ಚಿಗೆ ಹೋಲಿಸಿದ್ದರು. ಎಸೆಕ್ಸ್‌ನ ಕ್ರೆಸ್ಸಿಂಗ್ ಟೆಂಪಲ್‌ನಲ್ಲಿರುವ ಎರಡು ಬಾರ್ನ್‌ಗಳು 13ನೇ ಶತಮಾನದವು. ಹೊಯ್ಸಳರು ಸೋಮನಾಥಪುರದ ಕೇಶವ ದೇವಾಲಯ ಕಟ್ಟಿದ ಅದೇ ಶತಮಾನ. ಇವು ಮನೆಗಳಲ್ಲ, ಜನ ಹೋಗಿ ನೋಡಿ ಬರಬಹುದಾದ ಸ್ಮಾರಕಗಳು. ಇಷ್ಟು ಹೆಸರು ಮಾಡದ, ಇವುಗಳಿಗಿಂತ ಚಿಕ್ಕದಾದ ಸಾವಿರಾರು ಬಾರ್ನ್‌ಗಳು ಮನೆಗಳಾಗಿವೆ.

ಜಾಹೀರಾತುಗಳಲ್ಲಿ ಇನ್ನೊಂದು ಪದ ಧಾರಾಳವಾಗಿ ಬಳಕೆಯಾಗುತ್ತದೆ: ‘ಟೈದ್ ಬಾರ್ನ್’. ರೈತರು ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಬೇಕಿತ್ತು, ಆ ಕಾಳು ತುಂಬಿಡುತ್ತಿದ್ದ ಬಾರ್ನ್‌ಗೆ ಆ ಹೆಸರು. ಆದರೆ ದೊಡ್ಡದಾಗಿ, ಹಳೆಯದಾಗಿ ಕಂಡ ಬಾರ್ನ್‌ಗಳಿಗೆಲ್ಲ ಈ ಹೆಸರು ಅಂಟಿಸುವ ಚಾಳಿ ಇದೆ. ಆಕ್ಸ್‌ಫರ್ಡ್‌ಷೈರಿನ ಪ್ರಸಿದ್ಧ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್ ಕೂಡ ಹಾಗೆ ಕರೆಸಿಕೊಂಡದ್ದೇ. ನಿಜದಲ್ಲಿ ಅದು ಬ್ಯೂಲೀ ಮಠದವರು ತಮ್ಮದೇ ಜಮೀನಿನ ಬೆಳೆಗೆ ಕಟ್ಟಿಸಿದ್ದು.

ಕೆಲಸ ಹೋದ ಕಟ್ಟಡ

ಕಣಗಳು ಖಾಲಿಯಾದದ್ದು ಹೇಗೆ ಎಂಬುದು ಅಷ್ಟು ಸುಂದರವಾದ ಕತೆಯಲ್ಲ, ಮಾರಾಟದ ಜಾಹೀರಾತಿನಲ್ಲಿ ಅದು ಬರುವುದೂ ಇಲ್ಲ. 1786ರಲ್ಲಿ ಸ್ಕಾಟ್ಲೆಂಡಿನ ಆ್ಯಂಡ್ರೂ ಮೀಕಲ್ ಒಕ್ಕಣೆ ಯಂತ್ರವನ್ನು ರೂಪಿಸಿದರು. ಭೂಮಿ ಇಲ್ಲದ ಕೂಲಿಯವರಿಗೆ ಚಳಿಗಾಲದಲ್ಲಿ ಇದ್ದ ದೊಡ್ಡ ಕೆಲಸವೆಂದರೆ ಬಾರ್ನ್‌ನಲ್ಲಿ ತೆನೆ ಬಡಿಯುವುದು. ಯಂತ್ರ ಹಳ್ಳಿಹಳ್ಳಿಗೆ ಬಂದಾಗ ಆ ಅನ್ನ ಹೋಯಿತು. 1830ರಲ್ಲಿ ಕೆಂಟ್‌ನಲ್ಲಿ ಶುರುವಾದ ದಂಗೆ ದಕ್ಷಿಣ ಇಂಗ್ಲೆಂಡಿನುದ್ದಕ್ಕೂ ಹಬ್ಬಿತು. ಜನ ರಾತ್ರಿ ಹೋಗಿ ಒಕ್ಕಣೆ ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿ ಇಟ್ಟರು. ಬೆದರಿಕೆ ಪತ್ರಗಳಿಗೆ ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ವ್ಯಕ್ತಿಯ ಸಹಿ ಹಾಕುತ್ತಿದ್ದರು. ಸರ್ಕಾರ 19 ಜನರನ್ನು ಗಲ್ಲಿಗೇರಿಸಿತು, ಸುಮಾರು 500 ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾದ ಕಡೆ ಅಟ್ಟಿತು.

ಯಂತ್ರ ಉಳಿಯಿತು. ಇಪ್ಪತ್ತನೇ ಶತಮಾನದಲ್ಲಿ ಕೊಯ್ಲು ಒಕ್ಕಣೆ ಎರಡನ್ನೂ ಹೊಲದಲ್ಲೇ ಮುಗಿಸುವ ಕಂಬೈನ್ ಹಾರ್ವೆಸ್ಟರ್ ಬಂದಿತು. ಗಾಡಿಗೆಂದು ಕಟ್ಟಿದ ಬಾಗಿಲಲ್ಲಿ ಹೊಸ ಟ್ರ್ಯಾಕ್ಟರುಗಳು ತೂರುತ್ತಿರಲಿಲ್ಲ. ರೈತರು ಪಕ್ಕದಲ್ಲಿ ಕಬ್ಬಿಣದ ಶೆಡ್ ಹಾಕಿಕೊಂಡರು. ಹಳೇ ಬಾರ್ನ್ ಸೋರತೊಡಗಿತು. ದುರಸ್ತಿ ಮಾಡಲು ರೈತನಿಗೆ ಲಾಭವಿಲ್ಲ, ಬೀಳಿಸಲು ಕಾನೂನು ಬಿಡುವುದಿಲ್ಲ. ಮನೆ ಮಾಡಿ ಮಾರುವುದು ಆ ಇಕ್ಕಟ್ಟಿನಿಂದ ಹುಟ್ಟಿದ ದಾರಿ.

ಹಡಗಿನ ಮರ ಹೌದೇ?

ಹಳೇ ಬಾರ್ನ್‌ಗಳ ತೊಲೆಗಳಲ್ಲಿ ಯಾವ ಉಪಯೋಗವೂ ಇಲ್ಲದ ಚೌಕ ಕುಳಿಗಳು ಕಾಣುತ್ತವೆ. ಕೆಲವು ತೊಲೆ ಬಾಗಿವೆ. ನೋಡಿದವರಿಗೆ ಇದು ಎಲ್ಲಿಂದಲೋ ಕಿತ್ತು ತಂದ ಮರ ಎನಿಸುತ್ತದೆ, ಅಲ್ಲಿಂದ ಹಡಗಿಗೆ ಒಂದೇ ಹೆಜ್ಜೆ. ಬಕಿಂಗ್‌ಹ್ಯಾಮ್‌ಷೈರಿನ ಜೋರ್ಡನ್ಸ್ ಎಂಬ ಹಳ್ಳಿಯ ಬಾರ್ನ್ ಒಂದಕ್ಕೆ ‘ಮೇಫ್ಲವರ್ ಬಾರ್ನ್’ ಎಂದೇ ಹೆಸರು. 1620ರಲ್ಲಿ ಇಂಗ್ಲಿಷ್ ವಲಸಿಗರನ್ನು ಅಮೆರಿಕಕ್ಕೆ ಒಯ್ದ ಮೇಫ್ಲವರ್ ಹಡಗಿನ ಮರದಿಂದಲೇ ಅದನ್ನು ಕಟ್ಟಿದ್ದಾರೆಂದು ರೆಂಡಲ್ ಹ್ಯಾರಿಸ್ ಎಂಬ ವಿದ್ವಾಂಸರು 1920ರಲ್ಲಿ ಪುಸ್ತಕ ಬರೆದರು. ಖಚಿತ ಪುರಾವೆ ಇರಲಿಲ್ಲ, ಆದರೆ ಹೆಸರು ನಿಂತಿತು.

ಸ್ವಲ್ಪ ಯೋಚಿಸಿದರೆ ಕತೆ ಸಡಿಲವಾಗುತ್ತದೆ. ಸಮುದ್ರದಿಂದ ಮೈಲಿಗಟ್ಟಲೆ ಒಳಗಿರುವ ಹಳ್ಳಿಗೆ, ಕೆಸರಿನ ದಾರಿಯಲ್ಲಿ, ಟನ್ನುಗಟ್ಟಲೆ ತೂಕದ ತೊಲೆಗಳನ್ನು ಗಾಡಿಯಲ್ಲಿ ಎಳೆದು ತರುವ ಖರ್ಚಿಗಿಂತ ಹತ್ತಿರದ ಕಾಡಿನ ಓಕ್ ಮರ ಕಡಿಯುವುದು ಅಗ್ಗ. ಹಡಗಿನ ಮರಗಳು ಒಡಲಿನ ಬಾಗಿಗೆ ತಕ್ಕಂತೆ ಬಾಗಿರುತ್ತವೆ, ಬಾರ್ನ್‌ಗೆ ಬೇಕಿರುವುದು ಹೆಚ್ಚಾಗಿ ನೇರ ತೊಲೆ. ಆ ಖಾಲಿ ಕುಳಿಗಳು ಎಲ್ಲಿಂದ ಬಂದವು ಎಂದರೆ, ಬಹುಪಾಲು ಬಿದ್ದ ಹಳೇ ಮನೆಯ ಅಥವಾ ಹಳೇ ಬಾರ್ನ್‌ನ ತೊಲೆಗಳನ್ನು ಮತ್ತೆ ಬಳಸಿದ್ದರಿಂದ. ಮನೆ ಬಿಚ್ಚಿದಾಗ ತೊಲೆ, ಜಂತೆ ಎತ್ತಿಟ್ಟು ಹೊಸ ಮನೆಗೆ ಹಾಕುವುದನ್ನು ನಾವೂ ಕಂಡವರೇ. ಕರಾವಳಿಯ ಕೆಲವೆಡೆ ಹಡಗಿನ ಹಲಗೆ ನಿಜವಾಗಿ ಕಟ್ಟಡಗಳಿಗೆ ಹೋಗಿರುವುದುಂಟು, ಅದು ಅಪರೂಪ.

ವಯಸ್ಸನ್ನು ಊಹೆಗೆ ಬಿಡಬೇಕಾಗಿಯೂ ಇಲ್ಲ. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಒಳ್ಳೆ ವರ್ಷದಲ್ಲಿ ಅಗಲ, ಕೆಟ್ಟ ವರ್ಷದಲ್ಲಿ ಸಣ್ಣ. ಒಂದೇ ಸೀಮೆಯ ಓಕ್ ಮರಗಳಲ್ಲಿ ಈ ಅಗಲ-ಸಣ್ಣದ ಸಾಲು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ವಿಜ್ಞಾನಿಗಳು ಈ ಸಾಲುಗಳನ್ನು ಒಂದಕ್ಕೊಂದು ಹೊಂದಿಸಿ ಶತಮಾನಗಳಷ್ಟು ಹಿಂದಿನವರೆಗೆ ಪಟ್ಟಿ ಮಾಡಿಟ್ಟಿದ್ದಾರೆ. ತೊಲೆಯಿಂದ ಪೆನ್ಸಿಲ್‌ನಷ್ಟು ತೆಳ್ಳನೆಯ ತುಂಡು ಕೊರೆದು ತೆಗೆದು ಆ ಪಟ್ಟಿಗೆ ಹೋಲಿಸಿದರೆ, ತೊಗಟೆಯ ಅಂಚು ಉಳಿದಿದ್ದ ಪಕ್ಷದಲ್ಲಿ, ಮರ ಕಡಿದ ವರ್ಷವನ್ನೇ ಹೇಳಬಹುದು. ಆಗ ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಬಳಸುತ್ತಿದ್ದುದರಿಂದ ಕಡಿದ ವರ್ಷದ ಹತ್ತಿರವೇ ಕಟ್ಟಿದ ವರ್ಷ. ಹಸಿ ಮರ ಕಟ್ಟಡದಲ್ಲೇ ಒಣಗುತ್ತಾ ತಿರುಚಿಕೊಳ್ಳುತ್ತದೆ. ತೊಲೆಗಳ ಸೊಟ್ಟಕ್ಕೆ ಅದೂ ಒಂದು ಕಾರಣ, ಸಮುದ್ರವಲ್ಲ.

‘ಬಾರ್ನ್ ಕನ್ವರ್ಶನ್’ ಎಂದರೆ ಯಾವ ಬಾರ್ನ್?

ಕೊಳ್ಳುವವರು ಎಡವುವುದು ಇಲ್ಲಿ. ಜಾಹೀರಾತಿನಲ್ಲಿ ಒಂದೇ ಪದವಿದ್ದರೂ ಅದರ ಹಿಂದೆ ಎರಡು ಬೇರೆ ಬೇರೆ ವಸ್ತುಗಳಿರಬಹುದು.

ಒಂದು, ‘ಲಿಸ್ಟೆಡ್’ ಕಟ್ಟಡ, ಅಂದರೆ ಸರ್ಕಾರ ಪರಂಪರೆಯ ಪಟ್ಟಿಗೆ ಸೇರಿಸಿದ್ದು. ಇದಕ್ಕೆ ಮೂರು ದರ್ಜೆ, ಹೆಚ್ಚಿನವು ಗ್ರೇಡ್ 2. ಇದರಲ್ಲಿ ಕಿಟಕಿ ಬದಲಿಸಲು, ಒಳಗಿನ ತೊಲೆ ಕತ್ತರಿಸಲು ಪ್ರತ್ಯೇಕ ಅನುಮತಿ ಬೇಕು. ಅನುಮತಿಯಿಲ್ಲದೆ ಅದರ ಸ್ವರೂಪ ಕೆಡಿಸುವುದು 1990ರ ಕಾಯ್ದೆಯ ಪ್ರಕಾರ ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕರು ಮಾಡಿದ ತಪ್ಪನ್ನು ಸರಿಪಡಿಸುವ ಹೊಣೆ ಹೊಸ ಮಾಲೀಕರ ತಲೆಗೆ ಬರಬಹುದು. ಫೋಟೊದಲ್ಲಿ ಗಾಡಿ ಬಾಗಿಲು ಪೂರ್ತಿ ಗಾಜಾಗಿದ್ದು ಉಳಿದ ಗೋಡೆಗೆ ಕಿಟಕಿಯೇ ಕಡಿಮೆ ಇರುವುದಕ್ಕೆ ಕಾರಣವೂ ಇದೇ. ಇದ್ದ ತೆರಪುಗಳನ್ನೇ ಬಳಸಿ, ಹೊಸದನ್ನು ಕೊರೆಯಬೇಡಿ ಎಂಬುದು ಅಲ್ಲಿನ ಪರಂಪರೆ ಇಲಾಖೆಗಳ ಧೋರಣೆ. ಹೊರಗಿನಿಂದ ಚೆಂದ, ಒಳಗೆ ಮಲಗುವ ಕೋಣೆ ಕತ್ತಲೆ.

ಇನ್ನೊಂದು, ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಹಾಕಿದ ಉಕ್ಕಿನ ಕಂಬ, ತಗಡಿನ ಶೆಡ್. 2014ರಿಂದ ಇಂಗ್ಲೆಂಡಿನಲ್ಲಿ ಕೃಷಿ ಕಟ್ಟಡಗಳನ್ನು ಪೂರ್ಣ ಪ್ರಮಾಣದ ಅನುಮತಿ ಪ್ರಕ್ರಿಯೆ ಇಲ್ಲದೆ ಮನೆ ಮಾಡಲು ಅವಕಾಶವಿದೆ, ಈಗ ಅದರ ಹೆಸರು ‘ಕ್ಲಾಸ್ ಕ್ಯೂ’. 2024ರ ಮೇ ತಿಂಗಳ ತಿದ್ದುಪಡಿಯ ನಂತರ ಒಂದು ಫಾರ್ಮ್‌ನಲ್ಲಿ ಹತ್ತು ಮನೆಗಳವರೆಗೆ ಮಾಡಬಹುದು, ಒಂದೊಂದೂ 150 ಚದರ ಮೀಟರ್ ಮೀರಬಾರದು. ರಾಷ್ಟ್ರೀಯ ಉದ್ಯಾನಗಳಲ್ಲಿ, ಲಿಸ್ಟೆಡ್ ಕಟ್ಟಡಗಳಿಗೆ ಇದು ಅನ್ವಯಿಸುವುದಿಲ್ಲ. ‘ಬದಲಾಯಿಸುವುದು’ ಎಂದರೆ ಎಷ್ಟರ ಮಟ್ಟಿಗೆ ಎಂಬ ಜಗಳ ಹೈಕೋರ್ಟಿಗೂ ಹೋಗಿತ್ತು. ಮೂರು ಕಡೆ ತೆರೆದಿದ್ದ ಒಂದು ಉಕ್ಕಿನ ಶೆಡ್ಡಿಗೆ ಸುತ್ತ ಗೋಡೆ ಕಟ್ಟಿ ಮನೆ ಎನ್ನುವುದು ಬದಲಾವಣೆಯಲ್ಲ, ಹೊಸದಾಗಿ ಕಟ್ಟಿದಂತೆಯೇ ಎಂದು 2016ರಲ್ಲಿ ತೀರ್ಪು ಬಂತು. ಹೀಗಾಗಿ ‘ಬಾರ್ನ್ ಮನೆ’ ಎಂದ ಕೂಡಲೇ ಐನೂರು ವರ್ಷದ ಓಕ್ ಮರವೆಂದು ನಂಬಬೇಡಿ. ಅದು ನಿಮಗಿಂತ ಕಿರಿಯ ವಯಸ್ಸಿನ ಟ್ರ್ಯಾಕ್ಟರ್ ಶೆಡ್ ಇರಬಹುದು. (ಬೆಚ್ಚಗಿರಲು ಆ ಶೆಡ್ಡೇ ವಾಸಿ ಎಂಬುದು ಬೇರೆ ಮಾತು.)

ಎರಡರಲ್ಲೂ ಹಳೇ ಬಾಡಿಗೆದಾರರು ಇರುತ್ತಾರೆ. ಬಾವಲಿಗಳ ನೆಲೆಗೆ ಅಲ್ಲಿ ಕಾನೂನಿನ ರಕ್ಷಣೆಯಿದೆ, ಬಾವಲಿಗಳು ಆ ಹೊತ್ತಿಗೆ ಅಲ್ಲಿಲ್ಲದಿದ್ದರೂ ನೆಲೆಯನ್ನು ಹಾಳುಗೆಡವುವಂತಿಲ್ಲ. ಅವು ಸಂಜೆ ಹೊರಬೀಳುವುದನ್ನು ಎಣಿಸುವ ಸಮೀಕ್ಷೆ ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ ಮಾತ್ರ ನಡೆಯುತ್ತದೆ, ಅಕ್ಟೋಬರಿನಲ್ಲಿ ನೆನಪಾದರೆ ಮುಂದಿನ ಬೇಸಿಗೆಯವರೆಗೆ ಕೆಲಸ ನಿಲ್ಲುತ್ತದೆ. ‘ಬಾರ್ನ್ ಔಲ್’ಗೂ 1981ರ ಕಾಯ್ದೆಯಡಿ ವಿಶೇಷ ರಕ್ಷಣೆ. ಈ ಹಕ್ಕಿ ನಮ್ಮಲ್ಲೂ ಇದೆ, ಕನ್ನಡದಲ್ಲಿ ಕಣಜ ಗೂಬೆ. ಬಾರ್ನ್ ಎಂದರೆ ಏನೆಂದು ಈ ಹೆಸರಿಟ್ಟವರಿಗೆ ಸರಿಯಾಗಿ ಗೊತ್ತಿತ್ತು. ಇಲಿ ಹಿಡಿಯಲಿ ಎಂದು ಹಿಂದಿನ ರೈತರು ಗೋಡೆಯ ತುದಿಯಲ್ಲಿ ಗೂಬೆಗೆಂದೇ ಒಂದು ತೂತು ಬಿಡುತ್ತಿದ್ದರು. ಫೋಟೊದಲ್ಲಿ ಸೂರಿನ ಕೆಳಗೆ ಅಂಥ ತೂತು ಕಂಡರೆ ಅದು ಕಣಜವಾಗಿತ್ತು ಎಂಬುದಕ್ಕೆ ಒಳ್ಳೆಯ ಗುರುತು.

ಅಗ್ಗವೇ?

ಲೆಕ್ಕಕ್ಕೆ 5 ಲಕ್ಷ ಪೌಂಡಿನ ಒಂದು ಬಾರ್ನ್ ಮನೆ ತೆಗೆದುಕೊಳ್ಳೋಣ. ಪೌಂಡಿಗೆ 110 ರೂಪಾಯಿ ಎಂದಿಟ್ಟುಕೊಂಡರೂ 5.5 ಕೋಟಿ ರೂಪಾಯಿ. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ. 2025ರ ಏಪ್ರಿಲ್‌ನಿಂದ ಇರುವ ದರದಂತೆ ಮೊದಲ 1.25 ಲಕ್ಷ ಪೌಂಡಿಗೆ ಏನೂ ಇಲ್ಲ, ನಂತರ 2.5 ಲಕ್ಷದವರೆಗೆ ಶೇ 2, ಅದರ ಮೇಲೆ 9.25 ಲಕ್ಷದವರೆಗೆ ಶೇ 5. ಒಟ್ಟು 15,000 ಪೌಂಡ್. ಬ್ರಿಟನ್ನಿನಲ್ಲಿ ವಾಸವಿಲ್ಲದವರಿಗೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ 2. ಈಗಾಗಲೇ ಬೇರೆ ಮನೆ ಇದ್ದವರಿಗೆ ಮತ್ತೆ ಶೇ 5. ಆ ‘ಬೇರೆ ಮನೆ’ ಬ್ರಿಟನ್ನಿನಲ್ಲೇ ಇರಬೇಕೆಂದಿಲ್ಲ, ಮೈಸೂರಿನ ನಿಮ್ಮ ಮನೆಯೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ಸೇರಿದರೆ 50,000 ಪೌಂಡ್, ಅಂದರೆ 55 ಲಕ್ಷ ರೂಪಾಯಿ ತೆರಿಗೆಗೇ ಹೋಯಿತು. ಇನ್ನು ಭಾರತದಲ್ಲಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರದೇಶಕ್ಕೆ ಕಳಿಸಬಹುದಾದ ಮಿತಿ 2.5 ಲಕ್ಷ ಡಾಲರ್, ಅಂದರೆ ಎರಡು ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಒಬ್ಬರಿಂದ ಒಂದೇ ವರ್ಷದಲ್ಲಿ ಇದು ಮುಗಿಯುವ ವ್ಯವಹಾರವೇ ಅಲ್ಲ.

ಯಾವುದಾದರೂ ಬಾರ್ನ್ ಮನೆ ಸುತ್ತಲಿನ ಬೆಲೆಗಿಂತ ಬಹಳ ಅಗ್ಗವಾಗಿ ಕಂಡರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಕಾಗದದಲ್ಲಿ ಇರುತ್ತದೆ. ಕೆಲವಕ್ಕೆ ರಜೆಗೆ ಬಂದವರಿಗೆ ಬಾಡಿಗೆ ಕೊಡಲು ಮಾತ್ರ ಅನುಮತಿ ಇದ್ದು, ಮಾಲೀಕರು ಅಲ್ಲಿ ಕಾಯಂ ವಾಸ ಮಾಡುವಂತಿಲ್ಲ. ಕೆಲವದರ ಅಂಗಳದಲ್ಲೇ ಸಾರ್ವಜನಿಕ ಕಾಲುದಾರಿ ಹಾಯುತ್ತದೆ, ಯಾರು ಬೇಕಾದರೂ ನಡೆದುಹೋಗಬಹುದು, ತಡೆಯುವಂತಿಲ್ಲ. ಒಳಚರಂಡಿ ಇಲ್ಲದ ಜಾಗದಲ್ಲಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಅದರ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡುತ್ತಿದ್ದರೆ 2020ರಿಂದ ಅದು ನಿಯಮಬಾಹಿರ. ಎರಡಂತಸ್ತಿನೆತ್ತರದ ಆ ಹಜಾರವನ್ನು ಚಳಿಗಾಲದಲ್ಲಿ ಬಿಸಿ ಮಾಡುವ ಖರ್ಚನ್ನೂ ನೆನೆಯಿರಿ. ಬಿಸಿ ಗಾಳಿ ಮೇಲೇರುತ್ತದೆ, ಕುಳಿತವರು ಕೆಳಗಿರುತ್ತಾರೆ.

ಟೋಕನ್ ಕೇಳಿದರೆ ಏನು ಮಾಡಬೇಕು?

ನಮ್ಮಲ್ಲಿ ಟೋಕನ್ ಅಡ್ವಾನ್ಸ್ ಕೊಡುವುದು ಮಾಮೂಲಿ. ಅದಕ್ಕೇ ಈ ಮಾತು ನಮ್ಮ ಹಿರಿಯರಿಗೆ ಅನುಮಾನ ತರುವುದಿಲ್ಲ. ಇಂಗ್ಲೆಂಡಿನ ಪದ್ಧತಿ ಬೇರೆ. ಬೆಲೆಗೆ ಮಾಲೀಕರು ಒಪ್ಪಿದರೂ, ಎರಡೂ ಕಡೆಯ ವಕೀಲರು ಕರಾರು ಪತ್ರಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ ಯಾರಿಗೂ ಯಾವ ಬಂಧನವೂ ಇಲ್ಲ. ನಡುವೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಸಾಮಾನ್ಯವಾಗಿ ಶೇ 10ರ ಮುಂಗಡ ಕೊಡುವುದು ಆ ವಿನಿಮಯದ ಹೊತ್ತಿಗೆ, ಅದೂ ವಕೀಲರ ಮೂಲಕ. ಅದಕ್ಕೂ ಮೊದಲು ನಿಮ್ಮ ಗುರುತು ಏನು, ದುಡ್ಡು ಎಲ್ಲಿಂದ ಬಂತು ಎಂಬ ದಾಖಲೆಗಳನ್ನು ಅವರೇ ಕೇಳುತ್ತಾರೆ, ಕೇಳಲೇಬೇಕೆಂಬ ಕಾನೂನಿದೆ. ನಿಮ್ಮ ಬಗ್ಗೆ ಏನೂ ಕೇಳದೆ ಭಾರತದ ಯುಪಿಐ ನಂಬರಿಗೆ ಎರಡು ಲಕ್ಷ ಹಾಕಿ ಎನ್ನುವವರು ಇಂಗ್ಲೆಂಡಿನ ಮನೆ ಮಾರುತ್ತಿಲ್ಲ.

ಪರೀಕ್ಷೆ ಮಾಡುವುದು ಕಷ್ಟವೂ ಅಲ್ಲ. ಮೊದಲು ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಆ ಮನೆ ಯಾವುದೋ ಏಜೆನ್ಸಿಯ ಹಳೇ ಜಾಹೀರಾತಿನಲ್ಲಿ, ಇನ್ನೊಂದು ಬೆಲೆಗೆ, ಇನ್ನೊಂದು ಊರಿನ ಹೆಸರಿನಲ್ಲಿ ಸಿಗಬಹುದು. ಎಸ್ಟೇಟ್ ಏಜೆಂಟರು ದೂರು ಪರಿಹಾರ ವ್ಯವಸ್ಥೆಯೊಂದಕ್ಕೆ ಸೇರಿರಲೇಬೇಕು, ಆ ಸದಸ್ಯತ್ವವನ್ನು ಆನ್‌ಲೈನ್‌ನಲ್ಲಿ ನೋಡಬಹುದು. ಎಲ್ಲಕ್ಕಿಂತ ಗಟ್ಟಿ ದಾಖಲೆ ‘ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿ’ಯದು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂದಾಖಲೆ ಇಲಾಖೆ. ನಮ್ಮ ಪಹಣಿಯ ಹಾಗೆ ಅಲ್ಲಿ ಪ್ರತಿ ನೋಂದಾಯಿತ ಆಸ್ತಿಗೂ ಒಂದು ಟೈಟಲ್ ನಂಬರ್ ಇರುತ್ತದೆ. ಮಾಲೀಕರು ಯಾರು, ಸಾಲ ಇದೆಯೇ, ಷರತ್ತುಗಳೇನು ಎಂಬುದನ್ನು ಪ್ರಪಂಚದ ಯಾವ ಮೂಲೆಯಿಂದಲಾದರೂ 7 ಪೌಂಡ್ ಕಟ್ಟಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸರ್ಕಾರದ ವೆಬ್‌ಸೈಟಿನ ವಿಳಾಸ ‘ಡಾಟ್ ಗವ್ ಡಾಟ್ ಯುಕೆ’ ಎಂದು ಮುಗಿಯುತ್ತದೆ. ಅದೇ ದಾಖಲೆಗೆ ಹೆಚ್ಚು ದುಡ್ಡು ಕೀಳುವ ಖಾಸಗಿ ಸೈಟುಗಳು ಹುಡುಕಾಟದಲ್ಲಿ ಮೇಲೇ ಕಾಣುತ್ತವೆ, ಅವುಗಳಿಗೆ ಬೀಳಬೇಡಿ. ದುಡ್ಡು ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮಗೆ ಬರೆದ ಓದುಗರಿಗೂ ಇದನ್ನೇ ಹೇಳಿದೆವು. ಅಪ್ಪನ ಜೊತೆ ಜಗಳ ಬೇಡ, ಅವರ ಕೈಯಲ್ಲೇ ಆ ಏಜೆಂಟನಿಗೆ ಒಂದೇ ಒಂದು ಸಾಲು ಬರೆಸಿ, ಟೈಟಲ್ ನಂಬರ್ ಕಳಿಸಿ, ನೋಡಿ ದುಡ್ಡು ಹಾಕುತ್ತೇವೆ ಎಂದು. ಬರೆಸಿದ್ದಾರೆ. ಎರಡು ನೀಲಿ ಟಿಕ್ ಬಿದ್ದಿವೆಯಂತೆ. ಉತ್ತರ ಬಂದಿಲ್ಲ, ಮಾರನೆಯ ದಿನ ಪ್ರೊಫೈಲ್ ಫೋಟೊ ಕೂಡ ಹೋಗಿತ್ತು.